ಇಳಿಯುವ ಹೊತ್ತು

ಶಾಂತಿ ಎಂದೊಡನೆ ನಮಗೆ ಅಲೆಯಿಲ್ಲದ ಕೆರೆ ನೆನಪಾಗುತ್ತದೆ. ಯಾವುದಕ್ಕೂ ಕದಲದವನು ದೊಡ್ಡವನು, ಉದ್ವೇಗಗೊಳ್ಳುವವನು ಸಣ್ಣವನು ಎಂದು ಲೆಕ್ಕ ಹಾಕುವುದು ನಮ್ಮ ರೂಢಿ. ಈ ಲೆಕ್ಕ ಸರಿಯೆ? ಬಹಳ ದಿನಗಳಿಂದ ನನಗೆ ಇದರಲ್ಲಿ ಸಂಶಯ. ಸದಾ ನಮ್ಮೊಡನೆಯೇ ಇರುವ ಶರೀರವನ್ನು ಒಮ್ಮೆ ಸಾಕ್ಷಿಗೆ ಕರೆದರೆ ಅದು ಹೇಳುವ ಮಾತೇ ಬೇರೆ.

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಕಷ್ಟ ಬಂದಾಗ, ಭಯವಾದಾಗ ಏರುವುದರಿಂದ ಇದಕ್ಕೆ ಒತ್ತಡದ ಹಾರ್ಮೋನು ಎಂದು ಹೆಸರು. ಆದರೆ ಕಷ್ಟವೇನೂ ಇಲ್ಲದ ದಿನವೂ ಅದು ಏರುತ್ತದೆ, ಇಳಿಯುತ್ತದೆ. ನಡುರಾತ್ರಿಯ ಸುಮಾರಿಗೆ ತೀರ ಕಡಿಮೆ. ಕೋಳಿ ಕೂಗುವ ಹೊತ್ತಿಗೆ ಏರತೊಡಗಿ, ಎಚ್ಚರವಾಗುವ ವೇಳೆಗೆ ತುದಿ ಮುಟ್ಟಿ, ಹಗಲೆಲ್ಲ ಮೆಲ್ಲಮೆಲ್ಲಗೆ ಇಳಿಯುತ್ತದೆ. ಹಾಸಿಗೆ ಬಿಟ್ಟು ಎದ್ದು ಬಾಗಿಲಿಗೆ ನೀರು ಹಾಕುವ ಕಸುವಿನಲ್ಲಿ ಅದರ ಪಾಲೂ ಉಂಟು. ದಿನದ ಈ ದೊಡ್ಡ ಅಲೆಯ ಒಳಗೆ, ಹೆಚ್ಚುಕಡಿಮೆ ಗಂಟೆಗೊಮ್ಮೆ ಏಳುವ ಚಿಕ್ಕ ಅಲೆಗಳೂ ಇವೆ.

ದೊಡ್ಡ ಅಲೆಯನ್ನು ಆಳುವುದು ಮಿದುಳಿನಲ್ಲಿರುವ ಒಂದು ಗಡಿಯಾರ. ಕಣ್ಣಿನ ನರಗಳು ಸಂಧಿಸುವ ಜಾಗದ ಮೇಲೆ ಸುಮಾರು 20,000 ನರಕೋಶಗಳ ಪುಟ್ಟ ಗುಂಪು ಅದು. ಹಗಲಿನ ಬೆಳಕೇ ದಿನದಿನವೂ ಅದರ ವೇಳೆಯನ್ನು ತಿದ್ದುತ್ತದೆ. ಚಿಕ್ಕ ಅಲೆಗಳ ಕಥೆ ಇನ್ನೂ ಸೊಗಸು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ‘ಕೊಡು’ ಎಂದು ಓಲೆ ಕಳಿಸುತ್ತದೆ. ಅಡ್ರಿನಲ್‌ನಲ್ಲಿ ಕೂಡಿಟ್ಟ ಸರಕು ಇಲ್ಲ. ಕೇಳಿದ ಮೇಲೆ ತಯಾರಿಸಿ ಕೊಡಬೇಕು. ಹೀಗೆ ತಯಾರಾದ ಕಾರ್ಟಿಸಾಲೇ ಹಿಂದಿರುಗಿ ಹೋಗಿ ‘ಸಾಕು’ ಎನ್ನುತ್ತದೆ. ಕೇಳುವುದಕ್ಕೂ ಕೊಡುವುದಕ್ಕೂ ನಡುವೆ ಆಗುವ ತಡದಿಂದಲೇ ಅಲೆ ಹುಟ್ಟುತ್ತದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸ್ಟಾಫರ್ಡ್ ಲೈಟ್‌ಮನ್ ಮತ್ತು ಅವರ ಸಂಗಡಿಗರು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಇದನ್ನು ತೋರಿಸಿದರು. ಮೇಲಿನ ಪ್ರಚೋದನೆಯನ್ನು ಎಡೆಬಿಡದೆ ಒಂದೇ ಸಮನಾಗಿ ಕೊಟ್ಟರೂ ರಸ ಮಾತ್ರ ಅಲೆಅಲೆಯಾಗಿಯೇ ಬಂತು.

ಅಂದರೆ, ಏಳುವುದು ಶರೀರದ ದೃಷ್ಟಿಯಲ್ಲಿ ದೋಷವಲ್ಲ. ಎದ್ದದ್ದು ಹೊತ್ತಿಗೆ ಸರಿಯಾಗಿ ಇಳಿಯದಿರುವುದೇ ದೋಷ. ದಿನದ ಏರಿಳಿತ ಚಪ್ಪಟೆಯಾದವರಲ್ಲಿ ಅನಾರೋಗ್ಯ ಹೆಚ್ಚಾಗಿ ಕಂಡುಬಂದಿದೆ. ನಾವು ಹೊಗಳುವ ಆ ಅಲೆಯಿಲ್ಲದ ಕೆರೆಯನ್ನು ವೈದ್ಯನು ಕಂಡರೆ ಹುಬ್ಬು ಗಂಟಿಕ್ಕುತ್ತಾನೆ.

ನಮ್ಮ ಶಾಸ್ತ್ರವಾದರೂ ಬೇರೆ ಏನು ಹೇಳುತ್ತದೆ? ಆಹಾರ, ನಿದ್ರೆ, ಎಚ್ಚರ ಇವುಗಳಲ್ಲಿ ಹದ ತಿಳಿದವನಿಗೆ ಯೋಗ ಒದಗುತ್ತದೆ. ಅತಿಯಾಗಿ ಎಚ್ಚರಿರುವವನಿಗೆ ಒದಗದು ಎಂಬುದು ಗೀತೆಯ ಅಭಿಪ್ರಾಯ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಗೀತೆಯ ಮೇಲಿನ ತಮ್ಮ ಗ್ರಂಥವನ್ನು ‘ಜೀವನಧರ್ಮಯೋಗ’ ಎಂದು ಕರೆದರು. ಯೋಗವೆಂಬುದು ಬದುಕಿನ ಧರ್ಮವಾಗುವುದಾದರೆ ಅದರಲ್ಲಿ ನಿದ್ರೆಗೂ ಒಂದು ಮಣೆ ಹಾಕಲೇಬೇಕು.

ಈ ಧರ್ಮವನ್ನು ಯಾವ ಗ್ರಂಥವನ್ನೂ ಓದದೆ ಬಲ್ಲವರು ಕೋಲಾರದ ಸೀಮೆಯ ರೇಷ್ಮೆ ಬೆಳೆಗಾರರು. ಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂರುತ್ತದೆ. ಆಮೇಲೆ ಹಳೆಯ ಚರ್ಮ ಕಳಚುತ್ತದೆ. ಇದಕ್ಕೆ ‘ಜ್ವರ’ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಯಾರೂ ಸೊಪ್ಪು ಹಾಕುವುದಿಲ್ಲ, ಅದನ್ನು ಕದಲಿಸುವುದಿಲ್ಲ. ಇಲ್ಲಿಯೂ ಕೆಲಸ ಮಾಡುವುದು ಒಂದು ರಸದ ಅಲೆಯೇ. ಅದರ ಹೆಸರು ಎಕ್ಡೈಸೋನ್. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅದನ್ನು ಬೇರ್ಪಡಿಸಿದ್ದು ರೇಷ್ಮೆಯ ಹುಳುವಿನಿಂದಲೇ. ರಸಾಯನಶಾಸ್ತ್ರದ ವಂಶಾವಳಿಯಲ್ಲಿ ಅದು ಕಾರ್ಟಿಸಾಲಿನ ದಾಯಾದಿ.

ಹುಳುವಿಗೆ ಸಲ್ಲಿಸುವ ಈ ಮರ್ಯಾದೆಯನ್ನು ನಾವು ಮನುಷ್ಯನಿಗೆ ಸಲ್ಲಿಸುತ್ತೇವೆಯೆ? ನನ್ನ ಪ್ರಶ್ನೆ ಇದು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಮುಂದೆ 3 ಕಿಲೊಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಆ ಗಣಿಯ ತಳದಲ್ಲಿ ಹಗಲೂ ಇರಲಿಲ್ಲ, ರಾತ್ರಿಯೂ ಇರಲಿಲ್ಲ, ಇದ್ದದ್ದು ಪಾಳಿ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು, ಪಾಳಿ ಮುಚ್ಚಲಿಲ್ಲ. ಅದು ನೆಲದ ಮೇಲಕ್ಕೆ ಬಂದು ಮಾಲೂರು, ನರಸಾಪುರದ ಕಾರ್ಖಾನೆಗಳಲ್ಲಿ ನೆಲೆಸಿತು. ಬೋರ್‌ವೆಲ್ಲಿಗೆ ಕರೆಂಟು ರಾತ್ರಿ ಬಂದರೆ ರೈತ ರಾತ್ರಿಯೇ ಏಳಬೇಕು. ಶ್ರೀನಿವಾಸಪುರದ ಮಾವಿನ ಹಣ್ಣು, ಕೋಲಾರದ ಮಾರುಕಟ್ಟೆಯ ಟೊಮೆಟೊ ಕೆಡುವ ಮೊದಲು ಊರು ಸೇರಬೇಕಾದರೆ ಲಾರಿಯವನು ರಾತ್ರಿಯೆಲ್ಲ ಕಣ್ಣು ಬಿಟ್ಟಿರಬೇಕು. ನಮ್ಮ ಬೆಳಗಿನ ಸಾರಿನಲ್ಲಿ ಯಾರದೋ ನಿದ್ರೆಯೂ ಕುದಿಯುತ್ತಿರುತ್ತದೆ.

ರಾತ್ರಿ ದುಡಿದು ಹಗಲು ಮಲಗಿದರಾಯಿತು ಎನ್ನಬಹುದು. ಒಳಗಿನ ಗಡಿಯಾರ ಅಷ್ಟು ಸುಲಭವಾಗಿ ತಿರುಗುವುದಿಲ್ಲ. ಪಾಳಿ ಮುಗಿಸಿ ಮನೆಗೆ ಬರುವವನ ಕಣ್ಣಿಗೆ ಬೆಳಗಿನ ಬಿಸಿಲು ಬಿದ್ದೊಡನೆ ಅದು ಹಗಲೆಂದೇ ಸಾರುತ್ತದೆ. ಅವನು ಮಲಗುವ ಹೊತ್ತಿಗೆ ಕಾರ್ಟಿಸಾಲು ಎಬ್ಬಿಸುವ ಕೆಲಸದಲ್ಲಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರಾತ್ರಿ ಪಾಳಿಯನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗುವಂಥದು ಎಂದು 2007ರಲ್ಲಿ ವರ್ಗೀಕರಿಸಿ, 2019ರಲ್ಲಿ ಅದೇ ತೀರ್ಮಾನವನ್ನು ಎತ್ತಿಹಿಡಿಯಿತು.

ಇಂಥವನು ಮನೆಯಲ್ಲಿ ಮಗು ಅತ್ತರೆ ಸಿಡುಕುತ್ತಾನೆ ಎನ್ನೋಣ. ತಪ್ಪು ಯಾರದು? ಗ್ರಂಥಿಯದೆಂದು ತಳ್ಳಿಹಾಕಿದರೆ ನೀತಿಗೆ ನೆಲೆಯಿಲ್ಲ; ಕೈ ಎತ್ತಿದವನು ಅದಕ್ಕೆ ಹೊಣೆಯಾಗಲೇಬೇಕು. ಆದರೆ ಹೊಣೆ ಅವನೊಬ್ಬನದೇ ಎನ್ನುವುದೂ ಅನ್ಯಾಯ. ಅವನ ಇಳಿಯುವ ಹೊತ್ತನ್ನು ಕೊಂಡವರು, ಕೊಂಡದ್ದರ ಲಾಭ ಉಂಡವರು ಅವನ ಸಿಡುಕಿನಲ್ಲಿಯೂ ಪಾಲುದಾರರು. ಆ ಪಾಲುದಾರರಲ್ಲಿ ನಾನೂ ಒಬ್ಬ, ನೀವೂ ಒಬ್ಬರು.

ರಾತ್ರಿಯ ಕೆಲಸವನ್ನೆಲ್ಲ ನಿಲ್ಲಿಸಿಬಿಡಲು ಆಗದು. ಆಸ್ಪತ್ರೆಯಲ್ಲಿ ದಾದಿ ಎಚ್ಚರಿರಬೇಕು, ರೈಲು ಓಡಬೇಕು. ಹಾಗಿದ್ದರೂ ಒಂದು ವಿವೇಕವನ್ನು ಕಾಪಾಡಿಕೊಳ್ಳಬಹುದು. ಯಾವ ಕೆಲಸಕ್ಕೆ ರಾತ್ರಿ ನಿಜವಾಗಿ ಬೇಕು, ಯಾವುದಕ್ಕೆ ನಮ್ಮ ಆತುರ ಮಾತ್ರ ಕಾರಣ ಎಂದು ವಿಂಗಡಿಸುವುದು. ಪಾಳಿಯನ್ನು ವಾರ ವಾರವೂ ಬುಡಮೇಲು ಮಾಡದಿರುವುದು. ರಾತ್ರಿ ದುಡಿದವನ ಹಗಲನ್ನು ಅವನ ರಾತ್ರಿಯೆಂದು ಗೌರವಿಸಿ, ಅವನ ಬಾಗಿಲು ತಟ್ಟದಿರುವುದು. ಇವು ದೊಡ್ಡ ತ್ಯಾಗಗಳಲ್ಲ.

‘ಸಾಕು’ ಎನ್ನುವ ದನಿ ಪ್ರತಿ ಶರೀರದಲ್ಲಿಯೂ ಇದೆ. ನಮ್ಮ ಒಳಗಿನ ಆ ದನಿಯನ್ನು ಕೇಳುವುದು ಆರೋಗ್ಯ. ಇನ್ನೊಬ್ಬನ ಒಳಗಿನ ಅದೇ ದನಿಯನ್ನು ಕೇಳಿಸಿಕೊಳ್ಳುವುದನ್ನು ಧರ್ಮವೆನ್ನಲು ನನಗೆ ಯಾವ ಅಳುಕೂ ಇಲ್ಲ.