ತಪ್ಪು ಮಳೆಯದೋ, ಕೈಯದೋ?

ನಾನು ಏಳನೇ ತರಗತಿ ಓದಿದಾಂವ. ಒಕ್ಕಲುತನ ಮಾಡ್ತೀನಿ, ಭಜನಿ ಪದ ಹಾಡ್ತೀನಿ. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ದೊಡ್ಡ ಯುದ್ಧದ ಕಾಲ, 1944ನೇ ವರ್ಷ. ಯಲಹಂಕ, ಕೋಲಾರದ ಬಯಲಿನಲ್ಲಿ ಬ್ರಿಟಿಷ್ ವಾಯುಪಡೆಯವರು ತಮ್ಮ ಹುಡುಗರಿಗೆ ಮಸ್ಕಿಟೋ ಅನ್ನೋ ಬಾಂಬು ಹಾಕುವ ವಿಮಾನ ನಡೆಸೋದು ಕಲಿಸ್ತಿದ್ರು, ಬರ್ಮಾದಾಗ ಜಪಾನಿನವರ ಮೇಲೆ ಹೋಗಲಿಕ್ಕೆ. ಮಸ್ಕಿಟೋ ಅಂದ್ರ ಸೊಳ್ಳಿ. ಅದರ ಮೈ, ರೆಕ್ಕಿ ಎಲ್ಲಾ ಕಟ್ಟಿಗೆ. ತೆಳು ಹಲಗಿಗೆ ಹಲಗಿ ಅಂಟು ಹಾಕಿ ಕೂಡಿಸಿದ್ದು. ಒಳಗೆ ಇಬ್ಬರೇ: ಒಬ್ಬ ನಡೆಸಾಂವ, ಒಬ್ಬ ದಾರಿ ನೋಡಾಂವ. ಆ ವರ್ಷ ಇಂಥ ಕೆಲವು ವಿಮಾನಗಳ ರೆಕ್ಕಿ ನಮ್ಮ ದೇಶದ ಆಕಾಶದಾಗೇ ಮುರಿದವು, ಹುಡುಗರು ಸತ್ತರು. ನವೆಂಬರದಾಗ ವಿಮಾನ ನೆಲಕ್ಕ ನಿಲ್ಲಿಸಿ ತಪಾಸು ಮಾಡಿದರು.

ಮೊದಲು ತಪಾಸಿಗೆ ಬಂದಾಂವ ಅದನ್ನು ಮಾಡಿದ ಕಂಪನಿಯ ಮನೆತನದವನೇ, ಮೇಜರ್ ಹೆರೆವಾರ್ಡ್ ಡಿ ಹ್ಯಾವಿಲ್ಯಾಂಡ್. ಅಂಟಿನ ತಪ್ಪಲ್ಲ, ಮಳೆಗಾಲಕ್ಕೆ ಕಟ್ಟಿಗೆ ಕುಗ್ಗಿದ್ದೇ ಕಾರಣ ಅಂತ ಅವನ ತಂಡ ಬರೆದು ಕೊಟ್ಟಿತು. ಆಮೇಲೆ ಬೇರೆಯವರು ನಮ್ಮ ಮಳೆ ಕಾಣದ ವಿಮಾನಗಳನ್ನೂ ಬಿಚ್ಚಿ ನೋಡಿದರು. ಅವುಗಳಲ್ಲೂ ಅಂಥದೇ ದೋಷ. ಕಾರ್ಖಾನೆಯಲ್ಲೇ ಅಂಟಿಸಿದ್ದು ಸರಿ ಇರಲಿಲ್ಲ.

ಗದ್ವಾಲ ಸೀರೆ ನೋಡ್ರಿ. ಮೈ ಹತ್ತಿ, ಸೆರಗು ರೇಷ್ಮಿ. ಎರಡೂ ಕೂಡೋ ಕಡೆ ನೇಕಾರನ ಕೈ ಗೊತ್ತಾಗ್ತದ. ಜೋಡು ಬಿಟ್ಟರ ಉಟ್ಟಾಕಿ ತಪ್ಪು ಅನ್ನಲಿಕ್ಕೆ ಬರ್ತದೇನು?

ಅಂಟು ಹಾಕಿದ ಕೂಲಿಯವನನ್ನ ನಾನು ಬೈಯೋದಿಲ್ಲ. ಯುದ್ಧದ ಅವಸರ, ಸತ್ತವರ ಮುಖ ಅವ ಕಂಡಿಲ್ಲ. ಕೈ ತಪ್ಪೋದು ಮನುಷ್ಯನ ಗುಣ. ಆದರ ಮಳಿ ಅಂದುಬಿಟ್ಟರ ಜೋಡು ಯಾರೂ ಬಿಚ್ಚಿ ನೋಡೋದಿಲ್ಲ. ನಾಳೆ ಮತ್ತಿಬ್ಬರು ಹುಡುಗರು ಅದೇ ರೆಕ್ಕಿ ನಂಬಿ ಏರ್ತಾರ. ಎರಡನೇ ತಪ್ಪು ಮೊದಲಿನದಕ್ಕಿಂತ ದೊಡ್ಡದು ಅಂತ ನನಗ ಅನ್ನಿಸ್ತದ.

ಇದನ್ನ ಹೇಳೋ ಹಕ್ಕು ನನಗ ಎಲ್ಲಿಂದ ಬಂತು ಅಂತ ಕೇಳಬಹುದು. ನಲವತ್ತು ವರ್ಷದ ಹಿಂದೆ ನಮ್ಮ ಬಂಡಿ ಕಡಾಣಿ ಮುರಿದಿತ್ತು. ಮಕ್ತಲ್ ಸಂತಿಗೆ ಹೋಗಿ ಹೊಸದು ತರೋದು ಬಿಟ್ಟು ಕಟ್ಟಿಗಿ ಗೂಟ ಬಡಿದೆ. ಬಡಿಯುವಾಗಲೇ ಸೀಳು ಬಿಟ್ಟಿದ್ದು ಕಂಡಿದ್ದೆ. ಮಳೆಯೊಳಗೆ ಹಳ್ಳ ದಾಟುವಾಗ ಗಾಲಿ ಕಳಚಿತು, ತಮ್ಮನ ಕಾಲು ಮುರಿಯಿತು. ಇವತ್ತಿಗೂ ಕುಂಟ್ತಾನ. ಕೇಳಿದವರಿಗೆಲ್ಲ ಮಳಿ, ಕೆಸರು ಅಂದೆ. ಊರವರು ಹಣೆಬರಹ ಅಂದರು. ಅವ್ವ ನಂಬಿದಳು, ಹಂಗೇ ಹೋದಳು.

ವಾಚನಾಲಯಕ್ಕೆ ಕೊಡೋ ಮುಂಚೆ ಇದನ್ನ ತಮ್ಮಗ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಗೂಟ ಸೀಳಿದ್ದು ನನಗೂ ಗೊತ್ತಿತ್ತೋ ಅಣ್ಣಾ. ನೀ ಮಳಿ ಅಂದಿ, ನಿನ್ನ ಮಾತು ಉಳೀಲಿ ಅಂತ ನಾನೂ ಮಳಿ ಅಂದೆ" ಅಂದ.

ಕಾಲು ಮುರಿದದ್ದು ಒಂದು ದಿನದ ತಪ್ಪು. ನನ್ನ ಸುಳ್ಳನ್ನ ಅವ ಕುಂಟುತ್ತ ನಲವತ್ತು ವರ್ಷ ಹೊತ್ತ. ಮಳಿ ಸುರೀತು, ಖರೆ. ಗೂಟ ಬಡಿದದ್ದು ನನ್ನ ಕೈ.