ಒಗ್ಗಟ್ಟಿನ ಬೆಲೆ ಯಾರು ತೆರಬೇಕು?

ಪಾಸ್ಟರೇಟ್ ಕಮಿಟಿಯ ಚುನಾವಣೆ ಮುಗಿದ ಮುಂದಿನ ಭಾನುವಾರ ಸಭೆಯೊಳಗೆ ಹೋಗಿ ಕೂತರೆ ಅಲ್ಲಿನ ಬಿಗಿ ತಾನಾಗಿ ಗೊತ್ತಾಗುತ್ತದೆ. ಗೆದ್ದವರು ಒಂದು ಕಡೆ, ಸೋತವರು ಇನ್ನೊಂದು ಕಡೆ. ವಾರವಿಡೀ ಫೋನಿನಲ್ಲಿ ಒಬ್ಬರ ಮೇಲೊಬ್ಬರು ಆಡಬಾರದ್ದನ್ನು ಆಡಿದವರು ಈಗ ಒಂದೇ ಕೀರ್ತನೆ ಹಾಡುತ್ತಾರೆ, ಒಂದೇ ಕರ್ತನ ಭೋಜನಕ್ಕೆ ಸಾಲಾಗಿ ಎದ್ದು ಬರುತ್ತಾರೆ. ನೋಡುವ ಹುಡುಗ ಹುಡುಗಿಯರು ಕೇಳುವುದು ಒಂದೇ ಮಾತು: ಇದೆಲ್ಲ ನಾಟಕವಲ್ಲವೇ? ಕೆಲವರು ಸಭೆಯನ್ನೇ ಬಿಟ್ಟು, ಯಾರದೋ ಮನೆಯಲ್ಲಿ ಹತ್ತಾರು ಮಂದಿ ಕೂಡಿ ಪ್ರಾರ್ಥನೆ ನಡೆಸತೊಡಗುತ್ತಾರೆ. ಅಲ್ಲಿ ಮೊದಮೊದಲು ಎಲ್ಲರೂ ಒಳ್ಳೆಯವರೇ. ಕೆಲವು ವರ್ಷ ಕಳೆಯುವಷ್ಟರಲ್ಲಿ ಆ ಹತ್ತಾರು ಮಂದಿಯಲ್ಲೂ ಎರಡು ಪಂಗಡ.

ಮಕ್ಕಳ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಹಿಂದೆ ಒಂದು ನಂಬಿಕೆ ಕೂತಿದೆ: ಸಭೆ ಅಂದರೆ ಒಳ್ಳೆಯವರ ಕೂಟ, ಕೆಟ್ಟದ್ದು ಕಂಡಾಗ ಕೂಟ ಸುಳ್ಳಾಗುತ್ತದೆ ಎಂಬ ನಂಬಿಕೆ. ಅದನ್ನು ನಾನು ಒಪ್ಪುವುದಿಲ್ಲ. ಸಭೆಯನ್ನು ಒಡೆಯುವುದು ಅದರೊಳಗಿನ ಕುಂದುಗಳಿಗಿಂತ ಹೆಚ್ಚಾಗಿ, ಕುಂದಿಲ್ಲದವರೇ ಬೇಕೆಂಬ ಹಟ. ಇಷ್ಟು ಹೇಳಿ ಸುಮ್ಮನಾದರೆ ಮಾತು ಅರ್ಧವಾಗುತ್ತದೆ. ಆ ಅರ್ಧ ಮಾತನ್ನು ಹಿಡಿದು ಅನ್ಯಾಯ ನಡೆಸಿದವರೂ ಬಹಳ ಮಂದಿ.

ಆರಂಭ ಕಾಲದ ಸಭೆಗಳು ಶುದ್ಧವಾಗಿದ್ದವು, ನಾವು ಕೆಡಿಸಿಕೊಂಡೆವು ಎಂದು ಪ್ರಸಂಗಗಳಲ್ಲಿ ಕೇಳುತ್ತಿರುತ್ತೇವೆ. ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರಿಕೆಯನ್ನು ಒಂದೇ ಸಲಕ್ಕೆ ಕೂತು ಓದಿದವರು ಹಾಗೆ ಹೇಳಲಾರರು. ಕೊರಿಂಥ ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಮತ್ತೆ ನೆಲೆಗೊಳಿಸಿದ ರೋಮನ್ ವಸಾಹತು. ಎರಡು ಬಂದರುಗಳ ನಡುವಿನ ವ್ಯಾಪಾರದ ಊರು. ಬಿಡುಗಡೆ ಹೊಂದಿದ ಗುಲಾಮರ ಸಂತತಿ, ಹೊಸದಾಗಿ ದುಡ್ಡು ಕಂಡವರು, ಕೂಲಿಗಳು, ಇನ್ನೂ ಗುಲಾಮರಾಗಿಯೇ ಇದ್ದವರು, ಎಲ್ಲರೂ ಅಲ್ಲಿದ್ದರು. ಆ ಊರಿನ ಸಭೆಯೊಳಗೆ ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು ಎಂಬ ಪಂಗಡಗಳು. ಸಹೋದರರೇ ಸಹೋದರರ ಮೇಲೆ ಕೋರ್ಟಿಗೆ ಹೋಗುತ್ತಿದ್ದರು. ಎಲ್ಲಕ್ಕಿಂತ ನೋಯಿಸುವುದು ಕರ್ತನ ಭೋಜನದ ಸಂಗತಿ. ಉಳ್ಳವರು ಬೇಗ ಬಂದು ತಾವು ತಂದದ್ದನ್ನು ತಿಂದು ಕುಡಿದು ಮುಗಿಸುತ್ತಿದ್ದರು. ದುಡಿಮೆ ಮುಗಿಸಿ ತಡವಾಗಿ ಬಂದವರಿಗೆ ಹಸಿವೇ ಗತಿ. ಸಭೆ ಸೇರುತ್ತಿದ್ದದ್ದು ಅನುಕೂಲಸ್ಥರ ಮನೆಗಳಲ್ಲಿ. ರೋಮನ್ ಮನೆಯ ಊಟದ ಕೋಣೆಯಲ್ಲಿ ಒರಗಿ ಕೂರಲು ಕೆಲವೇ ಜನರಿಗೆ ಜಾಗವಿರುತ್ತಿತ್ತು, ಉಳಿದವರು ಅಂಗಳದಲ್ಲಿ. ಯಾರು ಒಳಗೆ, ಯಾರು ಹೊರಗೆ ಎಂದು ಊಹಿಸುವುದು ಕಷ್ಟವಲ್ಲ.

ಹೀಗಿದ್ದ ಜನರನ್ನು ಪೌಲನು ಪತ್ರಿಕೆಯ ಮೊದಲಲ್ಲೇ ದೇವಜನರೆಂದು ಸಂಬೋಧಿಸುತ್ತಾನೆ. ಮೊದಲು ಸರಿಯಾಗಿ, ಆಮೇಲೆ ನಿಮ್ಮನ್ನು ಸಭೆಯೆಂದು ಕರೆಯುತ್ತೇನೆ ಎನ್ನುವುದಿಲ್ಲ. ಸಭೆ ಎಂಬುದು ಅವರ ಯೋಗ್ಯತೆಗೆ ಸಿಕ್ಕ ಬಿರುದಾಗಿರಲಿಲ್ಲ. ಕರೆದವನ ಕೃಪೆಯಿಂದ ಬಂದದ್ದಾಗಿತ್ತು. ಹಾಗಾಗಿ ಅದನ್ನು ಕಳೆದುಕೊಳ್ಳುವ ಭಯವಿಲ್ಲದೆ ಅವರನ್ನು ಗದರಿಸುವುದಕ್ಕೂ ಅವನಿಗೆ ಸಾಧ್ಯವಾಯಿತು.

ಯೋಗ್ಯತೆಯ ಪ್ರಶ್ನೆ ಮುಂದೆ ಉತ್ತರ ಆಫ್ರಿಕದಲ್ಲಿ ದೊಡ್ಡ ಬಿರುಕಾಗಿ ಹೊರಬಿತ್ತು. 303ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್‌ನ ಹಿಂಸೆ ಶುರುವಾದಾಗ ಪವಿತ್ರ ಗ್ರಂಥಗಳನ್ನು ಒಪ್ಪಿಸುವಂತೆ ಆಜ್ಞೆ ಬಂತು. ಕೆಲವರು ಕೊಡದೆ ಸತ್ತರು, ಕೆಲವರು ಹೆದರಿ ಕೊಟ್ಟರು. ಹಿಂಸೆ ನಿಂತ ಮೇಲೆ ಕೈಸಿಲಿಯನ್ ಎಂಬವನು ಕಾರ್ಥೇಜಿನ ಬಿಷಪ್ ಆದ. ಅವನ ಮೇಲೆ ಕೈಯಿಟ್ಟು ಅಭಿಷೇಕಿಸಿದವರಲ್ಲಿ ಗ್ರಂಥ ಒಪ್ಪಿಸಿದ ದ್ರೋಹಿಯಿದ್ದಾನೆ, ಆದ್ದರಿಂದ ಇವನು ಬಿಷಪ್ಪನೇ ಅಲ್ಲ ಎಂದು ಒಂದು ಗುಂಪು ಸಿಡಿಯಿತು. ಆಪಾದನೆ ಸುಳ್ಳೆಂದು ವಿಚಾರಣೆಯಲ್ಲಿ ತೀರ್ಮಾನವಾದರೂ ಒಡಕು ಕೂಡಲಿಲ್ಲ. ದೊನಾಟಸ್ಸನ ಹೆಸರಿನಿಂದ ಗುರುತಾದ ಈ ಪಂಗಡದವರು ಹೇಡಿಗಳಲ್ಲ. ಅವರ ಮನೆಗಳಲ್ಲಿ ರಕ್ತಸಾಕ್ಷಿಗಳಿದ್ದರು. ತಮ್ಮವರು ಸಾಯುವಾಗ ಪುಸ್ತಕ ಕೊಟ್ಟು ಬದುಕಿಕೊಂಡವರ ಪಕ್ಕ ಕೂತು ಹೇಗೆ ರೊಟ್ಟಿ ಮುರಿಯುವುದು ಎಂಬ ಅವರ ಸಂಕಟವನ್ನು ನಾನು ಹಗುರವಾಗಿ ಕಾಣಲಾರೆ.

ಹಿಪ್ಪೋದ ಬಿಷಪ್ ಅಗಸ್ಟಿನ್ ಅವರಿಗೆ ಕೊಟ್ಟ ಉತ್ತರದಲ್ಲಿ ಗೋದಿ ಮತ್ತು ಹಣಜಿಯ ಸಾಮ್ಯ ಮುಖ್ಯವಾದದ್ದು: ಎರಡೂ ಸುಗ್ಗಿಯ ತನಕ ಒಟ್ಟಿಗೆ ಬೆಳೆಯಲಿ, ಕೀಳುವ ಕೆಲಸ ನಮ್ಮದಲ್ಲ. ಸಾಮ್ಯದಲ್ಲಿ ಹೊಲವೆಂದರೆ ಲೋಕ, ಸಭೆಯಲ್ಲ ಎಂದು ದೊನಾಟಸ್ಸನ ಕಡೆಯವರು ವಾದಿಸಿದರು. ಬರಹದ ಮಟ್ಟಿಗೆ ಆ ಮಾತು ಸರಿಯೇ. ಆದರೆ ಅಗಸ್ಟಿನ್ ಮುಟ್ಟಿದ ಇನ್ನೊಂದು ಸತ್ಯಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಶುದ್ಧರ ಸಭೆಯೂ ಒಳಗೊಳಗೆ ಒಡೆಯಿತು. ಮ್ಯಾಕ್ಸಿಮಿಯನ್ ಎಂಬವನ ಹಿಂದೆ ಹೋದ ತಮ್ಮವರನ್ನೇ ಮೊದಲು ಖಂಡಿಸಿ, ಆಮೇಲೆ ಅವರಲ್ಲಿ ಕೆಲವರನ್ನು ಏನೂ ಆಗದವರಂತೆ ಮರಳಿ ಸೇರಿಸಿಕೊಂಡಿತು. ಶುದ್ಧಿಯ ಅಳತೆಗೋಲು ಹಿಡಿದವರ ಕೈಯಲ್ಲಿ ಅದು ಯಾವತ್ತೂ ಒಂದೇ ಉದ್ದ ಇರುವುದಿಲ್ಲ. ಅಗಸ್ಟಿನ್ ಕೂಡ ಜಾರಿದ. ಮೊದಲು ಬಲವಂತ ಬೇಡವೆಂದವನು, ಕೊನೆಗೆ ದೊನಾಟಸ್ಸನವರನ್ನು ರಾಜಶಾಸನದ ಬಲದಿಂದ ಒಳಗೆ ತರುವುದನ್ನು ಸಮರ್ಥಿಸಿದ. ತಪ್ಪುಳ್ಳವರನ್ನು ಸಹಿಸಬೇಕೆಂದು ಅಷ್ಟು ಚೆನ್ನಾಗಿ ವಾದಿಸಿದವನಿಗೆ ಭಿನ್ನಮತದವರನ್ನು ಸಹಿಸಲು ಆಗಲಿಲ್ಲ. ಆ ಗಾಯ ಕ್ರೈಸ್ತ ಚರಿತ್ರೆಯ ಮೈಮೇಲೆ ಇಂದಿಗೂ ಇದೆ.

ನಮ್ಮ ಕಾಲಕ್ಕೆ ಹತ್ತಿರವಾಗಿ ಈ ವಿಷಯವನ್ನು ಆಳವಾಗಿ ಯೋಚಿಸಿದವನು ಡೀಟ್ರಿಚ್ ಬಾನ್‌ಹಾಫರ್. ಹಿಟ್ಲರನ ಜರ್ಮನಿಯಲ್ಲಿ 1935ರಿಂದ ಫಿಂಕನ್‌ವಾಲ್ಡೆಯಲ್ಲಿ ಅವನು ಸಭಾಪಾಲಕರಿಗೆ ತರಬೇತಿ ಕೊಡುತ್ತಿದ್ದ. 1937ರಲ್ಲಿ ಗೆಸ್ಟಾಪೊ ಅದನ್ನು ಮುಚ್ಚಿಸಿತು. ಅಲ್ಲಿ ಒಟ್ಟಿಗೆ ಬದುಕಿದ ಅನುಭವದಿಂದ ಅವನು ಬರೆದ ಪುಟ್ಟ ಪುಸ್ತಕ 1939ರಲ್ಲಿ ಹೊರಬಂತು. ಸಭೆ ಹೇಗಿರಬೇಕೆಂಬ ತನ್ನ ಕನಸನ್ನು ಸಭೆಗಿಂತ ಹೆಚ್ಚು ಪ್ರೀತಿಸುವವನು, ಎಷ್ಟೇ ಪ್ರಾಮಾಣಿಕನಾದರೂ, ಆ ಸಭೆಯನ್ನು ಹಾಳುಮಾಡುತ್ತಾನೆ ಎಂಬುದು ಅವನ ವಾದದ ಸಾರ. ಕನಸುಗಾರ ಮೊದಲು ಅಣ್ಣತಮ್ಮಂದಿರನ್ನು ದೂರುತ್ತಾನೆ, ಆಮೇಲೆ ದೇವರನ್ನು, ಕಡೆಗೆ ತನ್ನನ್ನೇ. ಅದರ ಜತೆಗೆ ಫಿಂಕನ್‌ವಾಲ್ಡೆಯಲ್ಲಿ ಒಂದು ನಿಯಮವಿತ್ತು: ಅಲ್ಲಿ ಇಲ್ಲದವನ ವಿಷಯ ಆಡಬಾರದು, ಆಡಿಬಿಟ್ಟರೆ ಹೋಗಿ ಅವನಿಗೇ ಹೇಳಬೇಕು. ನಮ್ಮ ಎಷ್ಟೋ ಸಭೆಗಳ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಒಂದೇ ನಿಯಮದಿಂದ ಹುಟ್ಟುವ ಮೊದಲೇ ಸಾಯುತ್ತಿದ್ದವು.

ಇಲ್ಲಿಯ ತನಕ ಹೇಳಿದ್ದೆಲ್ಲ ಸಹನೆಯ ಪರ. ಆದರೆ ಸಹಿಸಿಕೊಳ್ಳಿ ಎಂಬ ಉಪದೇಶ ಯಾರ ಕಿವಿಗೆ ಬೀಳುತ್ತದೆ ಎಂದು ನೋಡಿದಾಗ ಮೈ ಬಿಸಿಯಾಗುತ್ತದೆ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ತಂಜಾವೂರು, ತಿರುಚಿರಾಪಳ್ಳಿ ಕಡೆಯ ಪ್ರಾಟೆಸ್ಟಂಟ್ ಸಭೆಗಳಲ್ಲಿ ಮೇಲ್ಜಾತಿಯಿಂದ ಬಂದವರಿಗೆ ಬೇರೆ ಜಾಗ, ಅಸ್ಪೃಶ್ಯರೆನಿಸಿಕೊಂಡವರಿಗೆ ಬೇರೆ ಜಾಗ. ಕರ್ತನ ಭೋಜನಕ್ಕೆ ಬರುವುದರಲ್ಲೂ ಮೊದಲು, ಆಮೇಲೆ ಎಂಬ ಭೇದ. ಸಭೆ ಒಡೆಯದಿರಲಿ ಎಂದು ಹಿಂದಿನ ಮಿಷನರಿಗಳು ಇದನ್ನು ನಡೆಯಗೊಟ್ಟಿದ್ದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಭೇದವನ್ನು ಸಭೆಯೊಳಗೆ ಕೂಡಲೇ ನಿಲ್ಲಿಸಬೇಕೆಂದು ಬರೆದಾಗ ಬಹಳ ಮಂದಿ ಸಿಟ್ಟಾಗಿ ಹೊರನಡೆದರು. ವಿಲ್ಸನ್ ಒಗ್ಗಟ್ಟು ಮುರಿದನೇ? ಮುರಿದದ್ದು ಒಗ್ಗಟ್ಟೇ ಆಗಿರಲಿಲ್ಲ ಎನ್ನುತ್ತೇನೆ ನಾನು. ಒಬ್ಬರ ಅವಮಾನದ ಮೇಲೆ ಇನ್ನೊಬ್ಬರು ನೆಮ್ಮದಿಯಾಗಿ ಕೂತಿದ್ದರು, ಅಷ್ಟೇ. ಬೇರೆ ಬೇರೆ ಸ್ಮಶಾನ, ಬೇರೆ ಬೇರೆ ಸಾಲುಗಳ ಕಥೆ ಇಂದಿಗೂ ಭಾರತದ ಎಲ್ಲ ಕಡೆ ಮುಗಿದಿಲ್ಲ.

ಹಾಗಾದರೆ ಯಾವಾಗ ಸಹಿಸಬೇಕು, ಯಾವಾಗ ಎದುರು ನಿಲ್ಲಬೇಕು? ಪೌಲನ ನಡತೆಯಲ್ಲಿ ನನಗೆ ಇದರ ಉತ್ತರ ಕಾಣುತ್ತದೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಂದಿಗೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಹೆದರಿ ಹಿಂದೆ ಸರಿದ. ದೊಡ್ಡವರ ನಡುವೆ ಜಗಳವೇಕೆಂದು ಪೌಲನು ಸುಮ್ಮನಿರಲಿಲ್ಲ, ಎಲ್ಲರ ಮುಂದೆಯೇ ಅವನನ್ನು ಎದುರಿಸಿದ. ಇದೇ ಪೌಲ ಕೊರಿಂಥದಲ್ಲಿ ವಿಗ್ರಹಕ್ಕೆ ಅರ್ಪಿಸಿದ ಮಾಂಸದ ವಿಷಯ ಬಂದಾಗ ಎಷ್ಟು ಮೆತ್ತಗಾಗುತ್ತಾನೆ! ವಿಗ್ರಹ ಏನೂ ಅಲ್ಲ ಎಂಬ ತಿಳಿವಳಿಕೆಯುಳ್ಳವರ ಮಾತು ಸರಿ ಎಂದು ಒಪ್ಪಿಕೊಂಡೂ, ಬಲಹೀನ ಮನಸ್ಸಿನವನು ಎಡವುವುದಾದರೆ ನಾನು ಮಾಂಸವನ್ನೇ ಮುಟ್ಟುವುದಿಲ್ಲ ಎನ್ನುತ್ತಾನೆ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಬೆಣ್ಣೆ. ಎರಡರಲ್ಲೂ ಅವನು ನೋಡುತ್ತಿದ್ದದ್ದು ಒಂದನ್ನೇ: ಈ ಶಾಂತಿಗೆ ಬೆಲೆ ತೆರುತ್ತಿರುವವರು ಯಾರು? ಅಂತಿಯೋಕ್ಯದಲ್ಲಿ ಪೇತ್ರನ ಶಾಂತಿಗೆ ಅನ್ಯಜನರು ಅವಮಾನದ ಬೆಲೆ ಕೊಡಬೇಕಾಗಿತ್ತು. ಕೊರಿಂಥದಲ್ಲಿ ತಿಳಿದವರು, ಗಟ್ಟಿಗರು ಬಿಟ್ಟುಕೊಡಬೇಕಾಗಿತ್ತು. ಕೋರ್ಟಿನ ವಿಷಯದಲ್ಲಿ ನಷ್ಟವನ್ನೇ ಏಕೆ ಸಹಿಸಬಾರದು ಎಂದು ಅವನು ಕೇಳಿದ್ದೂ ಕೋರ್ಟಿಗೆ ಹೋಗುವ ತಾಕತ್ತಿದ್ದವರನ್ನೇ. ರೋಮನ್ ನ್ಯಾಯಾಲಯಗಳಲ್ಲಿ ಹಣ, ಅಂತಸ್ತು ಇದ್ದವರದೇ ಮೇಲುಗೈ.

ಹೀಗಾಗಿ ಸಹನೆಯ ಹೊರೆ ಬಲವುಳ್ಳವರ ಹೆಗಲ ಮೇಲಿರಬೇಕು. ಕಮಿಟಿಯಲ್ಲಿ ಬಹುಮತವಿರುವವರು, ಮೈಕು ಕೈಯಲ್ಲಿರುವವರು, ಮೂರು ತಲೆಮಾರಿನಿಂದ ಮುಂದಿನ ಬೆಂಚಿನಲ್ಲಿ ಕೂತ ಮನೆತನದವರು, ಸಭಾಪಾಲಕರು ಮೊದಲು ಬಿಟ್ಟುಕೊಡಬೇಕು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ, ಹಣ ಕಳೆದುಕೊಂಡ ಬಡವನಿಗೆ ಸಭೆಯ ಹೆಸರು ಕೆಡದಿರಲೆಂದು ಸಹಿಸಿಕೋ ಎನ್ನುವವರು ಕ್ರಿಸ್ತನ ಹೆಸರಿನಲ್ಲಿ ಮಾತಾಡುತ್ತಿಲ್ಲ.

ಇನ್ನು ಸಹಕಾರದ ಮಾತು. ಮನಸ್ಸು ಒಂದಾದ ಮೇಲೆ ಕೆಲಸ ಮಾಡೋಣ ಎಂದು ನಾವು ಕಾಯುತ್ತೇವೆ. ಪೌಲನು ಕಾಯಲಿಲ್ಲ. ಯೆರೂಸಲೇಮಿನವರಿಗೂ ಅವನಿಗೂ ನಡುವೆ ಸಂಶಯಗಳಿದ್ದಾಗಲೇ ಮಕೆದೋನ್ಯ, ಅಖಾಯಗಳ ಸಭೆಗಳಿಂದ ಯೆರೂಸಲೇಮಿನ ಬಡವರಿಗಾಗಿ ಕಾಣಿಕೆ ಎತ್ತಿದ, ತಾನೇ ಹೊತ್ತುಕೊಂಡು ಹೋದ. ಫಿಲಿಪ್ಪಿಯಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರ ನಡುವೆ ಮನಸ್ತಾಪವಿತ್ತು. ಇಬ್ಬರೂ ಸುವಾರ್ತೆಗಾಗಿ ಅವನ ಜತೆ ದುಡಿದವರು. ಜಗಳದ ಕಾರಣವನ್ನು ಅವನು ಹೇಳುವುದಿಲ್ಲ, ಯಾರದು ಸರಿಯೆಂದು ತೀರ್ಪು ಕೊಡುವುದಿಲ್ಲ. ಇಬ್ಬರಿಗೂ ಬೇರೆ ಬೇರೆಯಾಗಿ ಬೇಡಿಕೊಂಡು, ಮೂರನೆಯವನೊಬ್ಬನಿಗೆ ಅವರಿಗೆ ನೆರವಾಗು ಎನ್ನುತ್ತಾನೆ. ಜಗಳಕ್ಕೆ ಬಿದ್ದವರು ತಾವಾಗಿ ಹೊರಬರಲಿ ಎಂದು ಉಳಿದವರು ದೂರ ನಿಂತು ನೋಡುವುದು ಸಭೆಯ ರೀತಿಯಲ್ಲ. ಬಾರ್ನಬನೊಂದಿಗೆ ಮಾರ್ಕನ ವಿಷಯದಲ್ಲಿ ಪೌಲನೇ ಜಗಳವಾಡಿ ಬೇರೆಯಾದದ್ದೂ ಉಂಟು. ಅದೇ ಮಾರ್ಕನನ್ನು ಮುಂದೆ ತನ್ನ ಸೇವೆಗೆ ಉಪಯುಕ್ತನೆಂದು ಕರೆಸಿಕೊಂಡದ್ದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿದೆ.

ಈ ಮಾತುಗಳಿಗೆ ನಮ್ಮ ಹತ್ತಿರದ ಸಾಕ್ಷಿ ದಕ್ಷಿಣ ಭಾರತ ಸಭೆ. ಕನ್ನಡ ಕ್ರೈಸ್ತರಿಗೆ ಕೂಡಿ ದುಡಿಯುವುದು ಹೊಸದಾಗಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಪಂಥದವರಿದ್ದರು. ಆದರೂ ಬೆಂಗಳೂರಿನಂಥ ಊರಿನಲ್ಲಿ ಲಂಡನ್ ಮಿಷನ್ನಿನ ರೈಸ್ ಸ್ಮಾರಕ ದೇವಾಲಯ, ವೆಸ್ಲಿಯನ್ನರ ಹಡ್ಸನ್ ಸ್ಮಾರಕ ದೇವಾಲಯ, ಎರಡೂ ಕನ್ನಡ ಸಭೆಗಳಾಗಿದ್ದೂ ಬೇರೆ ಬೇರೆ ಆಡಳಿತಕ್ಕೆ ಸೇರಿದ್ದವು. ಇಂಗ್ಲೆಂಡಿನ ಜಗಳಗಳನ್ನು ನಾವೇಕೆ ಹೊರಬೇಕೆಂಬ ಕೂಗು 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಎದ್ದಿತು. ಅದರ ಮುಂದಾಳು, ಭಾರತೀಯರಲ್ಲಿ ಮೊದಲ ಆಂಗ್ಲಿಕನ್ ಬಿಷಪ್ ಆದ ದೋರ್ನಕಲ್ಲಿನ ವಿ. ಎಸ್. ಅಜರಯ್ಯ. ಒಂದಾಗುವ ಮಾತುಕತೆ ಇಪ್ಪತ್ತೆಂಟು ವರ್ಷ ನಡೆಯಿತು. ಅಜರಯ್ಯ 1945ರ ಜನವರಿ 1ರಂದು ತೀರಿಕೊಂಡರು, ಫಲ ಕಾಣಲಿಲ್ಲ.

ಗಂಟಿದ್ದದ್ದು ಅಭಿಷೇಕದಲ್ಲಿ. ಬಿಷಪ್ಪರ ಹಸ್ತವಿಲ್ಲದೆ ಬೋಧಕರಾದ ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪಾಸ್ಟರುಗಳ ಮೇಲೆ ಮತ್ತೆ ಕೈಯಿಡಬೇಕೇ? ಇಟ್ಟರೆ ಅವರ ಇಷ್ಟು ಕಾಲದ ಸೇವೆಯೇ ಸುಳ್ಳೆಂದಂತೆ. ಆಂಗ್ಲಿಕನ್ನರು ಬಿಟ್ಟುಕೊಟ್ಟರು: ಇದ್ದವರನ್ನು ಇದ್ದ ಹಾಗೆಯೇ ಒಪ್ಪಿಕೊಳ್ಳುವುದು, ಮುಂದಿನ ಅಭಿಷೇಕವೆಲ್ಲ ಬಿಷಪ್ಪರಿಂದ, ಮೂವತ್ತು ವರ್ಷದ ಸಂಧಿಕಾಲ. ಬಿಷಪ್ ಪದವಿಯೆಂದರೆ ಹಿಂಜರಿಯುತ್ತಿದ್ದ ಉಳಿದವರು ಬಿಷಪ್ಪರನ್ನು ಒಪ್ಪಿಕೊಂಡರು. ಯಾವ ಸಭೆಗೂ ಅದರ ಮನಸ್ಸಾಕ್ಷಿ ಒಪ್ಪದ ಬೋಧಕರನ್ನು ಹೇರುವುದಿಲ್ಲವೆಂಬ ವಾಗ್ದಾನವೂ ಇತ್ತು. ಇದು ಸಭೆಯ ನಾಶವೆಂದು ಕವಿ ಟಿ. ಎಸ್. ಎಲಿಯಟ್ 1943ರಲ್ಲಿ ಲಂಡನ್ನಿನಿಂದ ಕಿರುಹೊತ್ತಗೆ ಬರೆದು ಎಚ್ಚರಿಸಿದ. ಅವನ ಆತಂಕಕ್ಕೆ ತರ್ಕವಿತ್ತು. ಒಪ್ಪಂದದಲ್ಲಿ ಬಿಡಿಸದೆ ಬಿಟ್ಟ ಗಂಟುಗಳು ಇದ್ದೇ ಇದ್ದವು. ಅವನ್ನು ಇಟ್ಟುಕೊಂಡೇ 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆಯಾದವು. ಗಂಟುಗಳನ್ನು ಒಳಗಿದ್ದೇ ಬಿಡಿಸಿಕೊಳ್ಳುತ್ತೇವೆ ಎಂಬ ನಿರ್ಧಾರ ಅದು. ಈ ಸಭೆಯೊಳಗೆ ಆಸ್ತಿ, ಅಧಿಕಾರಗಳ ತಕರಾರು ಆಮೇಲೆ ಎಷ್ಟೋ ಸಲ ಕೋರ್ಟು ಹತ್ತಿದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಪಂಥಗಳ ಹಳೆಯ ಗೋಡೆ ಮತ್ತೆ ಏಳಲಿಲ್ಲ.

ನಂದ್ಯಾಲದ ಆಂಗ್ಲಿಕನ್ನರಲ್ಲಿ ಬಹುಪಾಲು ಜನ ಅಂದು ಸೇರಲಿಲ್ಲ. ಅವರ ಮನಸ್ಸಾಕ್ಷಿ ಒಪ್ಪಲಿಲ್ಲ, ಹೊರಗೇ ಉಳಿದರು. ಆ ಎದುರುಬದುರು ನಿಲುವಿನಲ್ಲಿ ನೋವು, ಕಹಿ ಎರಡೂ ಇದ್ದವು. ನಂದ್ಯಾಲ ಇಂದು ದಕ್ಷಿಣ ಭಾರತ ಸಭೆಯ ಒಂದು ಡಯಾಸಿಸ್. ಅದಕ್ಕೆ ದಶಕಗಳೇ ಬೇಕಾದವು.