ಗಾಲಿಗೆ ಕೊಟ್ಟ ಕಲ್ಲು

ಖಂಡೇನವಮಿಯ ದಿನ ಗೋಪನಕೊಪ್ಪದ ಓಣಿಗಳಲ್ಲಿ ಗಾಡಿಗಳು ಮೈ ತೊಳೆಸಿಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಲ್ಲುತ್ತವೆ. ಗಾಲಿಗಳ ಕೆಳಗೆ ಒಂದೊಂದು ಲಿಂಬೆಹಣ್ಣು, ಮುಂದೆ ಕುಂಕುಮ ತುಂಬಿದ ಬೂದುಗುಂಬಳ. ಆರತಿ ಮುಗಿದ ಮೇಲೆ ಕುಂಬಳಕಾಯಿಯನ್ನು ಲಾರಿಗೆ ನಿವಾಳಿಸಿ ನೆಲಕ್ಕೆ ಅಪ್ಪಳಿಸುತ್ತಾರೆ. ಗಾಡಿಗೆ ತಗುಲಿದ ಕೆಟ್ಟ ದೃಷ್ಟಿಯೆಲ್ಲ ಕಾಯಿಗೆ ಹೋಯಿತು ಎಂದು ಮನೆಯವರು ನಿರಾಳವಾಗುತ್ತಾರೆ.

ಕಾಯಿ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ, ರಸ್ತೆಯಲ್ಲೇ ಇದೆ. ಅದರ ತಿರುಳು ಲೋಳೆಯಾಗಿ ಹರಡಿ, ಸಂಜೆ ಕೆಲಸ ಮುಗಿಸಿ ಬರುವವನ ಬೈಕಿನ ಗಾಲಿಗೆ ಕಾದಿರುತ್ತದೆ. ದಸರೆ ಬಂತೆಂದರೆ ಬೆಂಗಳೂರಿನಂಥ ಊರುಗಳಲ್ಲಿ ರಸ್ತೆಗೆ ಕುಂಬಳಕಾಯಿ ಒಡೆಯಬೇಡಿ ಎಂದು ಅಧಿಕಾರಿಗಳು ಕೇಳಿಕೊಳ್ಳುತ್ತಾರೆ. ತನ್ನ ಗಾಡಿಯ ದೃಷ್ಟಿ ತೆಗೆದು ಮಂದಿಯ ದಾರಿಗೆ ಹಾಕಿದರೆ ಪೂಜೆ ಸಂದೀತೆ?

ಇದು ಹಬ್ಬದ ದಿನಕ್ಕೆ ಮಾತ್ರ ಸೀಮಿತವಾದ ಪ್ರಶ್ನೆಯಲ್ಲ. ಗೋಪನಕೊಪ್ಪ ಒಂದು ಕಾಲದ ಹಳ್ಳಿ, ಈಗ ಹುಬ್ಬಳ್ಳಿಯೊಳಗೇ ಕರಗಿರುವ ಬಡಾವಣೆ. ಹುಬ್ಬಳ್ಳಿಯಂತೂ ಲಾರಿಗಳ ಊರು. 1976ರಲ್ಲಿ ವಿಜಯ ಸಂಕೇಶ್ವರರು ಗದಗದಲ್ಲಿ ಒಂದೇ ಒಂದು ಲಾರಿಯಿಂದ ಶುರು ಮಾಡಿದ ವಿಆರ್‌ಎಲ್ ಕಂಪನಿಯ ಮುಖ್ಯ ಕಚೇರಿ ಇರುವುದು ಇಲ್ಲಿಗೆ ಹತ್ತಿರದ ವರೂರಿನಲ್ಲಿ. ಇಂಥ ಊರಲ್ಲಿ ನಿನ್ನೆಯವರೆಗೆ ಕ್ಲೀನರ್ ಆಗಿದ್ದ ಹುಡುಗ ಇವತ್ತು ಸ್ಟೇರಿಂಗ್ ಹಿಡಿಯುವುದು ದಿನಬೆಳಗಿನ ಸುದ್ದಿ. ಅವನಿಗೆ ಗೇರು, ಕ್ಲಚ್ಚು ಬರುತ್ತದೆ. ರಸ್ತೆಯಲ್ಲಿ ಬಿದ್ದಿರುವುದರ ಎದುರು ಏನು ಮಾಡಬೇಕೆಂಬುದು ಮಾತ್ರ ಲೈಸೆನ್ಸಿನ ಜೊತೆ ಬರುವುದಿಲ್ಲ.

ಬಿದ್ದಿರುವುದಾದರೂ ಎಷ್ಟು ಬಗೆ! ರೀಟ್ರೆಡ್ ಮಾಡಿದ ಟೈರಿನಿಂದ ಕಿತ್ತುಹೋದ ರಬ್ಬರಿನ ಪಟ್ಟಿ, ಟಿಪ್ಪರಿನಿಂದ ಉದುರಿದ ಜಲ್ಲಿ, ಟ್ರ್ಯಾಕ್ಟರಿನಿಂದ ಜಾರಿದ ಕಬ್ಬಿನ ಜಲ್ಲೆ, ಹಗ್ಗ ಬಿಚ್ಚಿಕೊಂಡ ತಾಡಪತ್ರಿ. ಸುಗ್ಗಿಯಲ್ಲಿ ಇವುಗಳ ಜೊತೆಗೆ ಒಕ್ಕಣೆಯೂ ಸೇರುತ್ತದೆ. ಕಣ ಮಾಡುವ ತಾಪತ್ರಯ ಬೇಡವೆಂದು ಹುರುಳಿಯನ್ನೋ ತೊಗರಿಯನ್ನೋ ಡಾಂಬರಿನ ಮೇಲೆ ಹರವಿಬಿಟ್ಟರೆ ಹೋಗಿ ಬರುವ ಗಾಡಿಗಳೇ ತುಳಿದು ಕೊಡುತ್ತವೆ. ಹುರುಳಿಯ ಬಳ್ಳಿ ಗಾಡಿಯ ಅಡಿಯಲ್ಲಿ ತಿರುಗುವ ಶಾಫ್ಟಿಗೆ ಸುತ್ತಿಕೊಂಡು, ಉಜ್ಜಿ ಬಿಸಿಯಾಗಿ, ಬೆಂಕಿ ಹತ್ತಿದ ಸುದ್ದಿಯನ್ನು ರಾಜ್ಯದ ಪತ್ರಿಕೆಗಳು ಮತ್ತೆ ಮತ್ತೆ ಪ್ರಕಟಿಸಿವೆ. ಮಳೆಯನ್ನೂ ಸಾಲವನ್ನೂ ಎದುರಿಸಿ ಬೆಳೆ ತೆಗೆದ ರೈತನನ್ನು ಬೈಯಲು ನಾಲಿಗೆ ಏಳುವುದಿಲ್ಲ. ಹೊತ್ತಿ ಉರಿದ ಗಾಡಿಯವನಿಗೆ ಏನು ಹೇಳುವುದು, ಅದೂ ಗೊತ್ತಾಗುವುದಿಲ್ಲ.

ಗಬ್ಬೂರು ಕ್ರಾಸಿನಿಂದ ಧಾರವಾಡದ ಆಚೆಯ ನರೇಂದ್ರ ಕ್ರಾಸಿನವರೆಗಿನ ಬೈಪಾಸು ಹೆದ್ದಾರಿ ಮಂದಿಯ ಬಾಯಲ್ಲಿ ಸಾವಿನ ರಸ್ತೆ ಎನಿಸಿಕೊಂಡಿತ್ತು. ಆ ಕಡೆಯಿಂದಲೂ ಈ ಕಡೆಯಿಂದಲೂ ನಾಲ್ಕು ಪಥದಲ್ಲಿ ಬಂದ ಗಾಡಿಗಳು ಇಲ್ಲಿ ವರ್ಷಗಟ್ಟಲೆ ಎರಡೇ ಪಥಕ್ಕೆ, ನಡುವೆ ವಿಭಜಕವಿಲ್ಲದೆ, ಇಕ್ಕಟ್ಟಾಗಿ ನುಗ್ಗಿದವು. 2021ರ ಜನವರಿಯಲ್ಲಿ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಟೆಂಪೊ ಟ್ರಾವೆಲರ್ ಇಟಿಗಟ್ಟಿಯ ಬಳಿ ಟಿಪ್ಪರಿಗೆ ಡಿಕ್ಕಿಯಾದದ್ದನ್ನು ಈ ಭಾಗದವರು ಮರೆತಿಲ್ಲ. ಇಂಥ ರಸ್ತೆಯಲ್ಲಿ ಒಂದು ಕಲ್ಲು ತಪ್ಪಿಸಲು ಸ್ಟೇರಿಂಗ್ ತಿರುವಿದರೆ ಎದುರಿಗೆ ಯಾರಿರುತ್ತಾರೋ. ಅದಕ್ಕೇ ಹಳೆಯ ಉಸ್ತಾದರು ಹುಡುಗರಿಗೆ ಹೇಳುವ ಮಾತಿನ ಧಾಟಿ ಹೀಗಿರುತ್ತದೆ: “ತಮ್ಮಾ, ಕಟ್ ಹೊಡಿಬ್ಯಾಡ. ಕಲ್ಲ ಏರಿದ್ರ ಟೈರ್ ಹೋಗ್ತೈತಿ, ಕಟ್ ಹೊಡದ್ರ ಗಾಡೀನ ಹೋಗ್ತೈತಿ.”

ವೇದಾಂತಿ ಸಂತ ಸಿದ್ಧಾರೂಢರು (1836–1929) ನೆಲೆನಿಂತ ಊರು ಹುಬ್ಬಳ್ಳಿ. ಹಗ್ಗವನ್ನು ಹಾವೆಂದು ಕಂಡು ಬೆಚ್ಚುವ ವೇದಾಂತದ ದೃಷ್ಟಾಂತ ಇಲ್ಲಿಯವರಿಗೆ ಪುರಾಣ, ಪ್ರವಚನಗಳಲ್ಲಿ ಕೇಳಿ ಕೇಳಿ ರೂಢಿ. ದೀಪ ತಂದು ನೋಡಿದರೆ ಹಾವಿಲ್ಲ, ಭಯವೂ ಇಲ್ಲ. ಡ್ರೈವರನ ಕಷ್ಟವೆಂದರೆ ಅವನ ದೀಪ ಅವನ ಜೊತೆಗೇ ಓಡುತ್ತಿರುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು. ಕಣ್ಣು ಕಂಡದ್ದು ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರುವಷ್ಟರಲ್ಲಿ, ಒಂದೂವರೆ ಸೆಕೆಂಡಿನ ಲೆಕ್ಕ ಹಿಡಿದರೂ, ಗಾಡಿ 25 ಮೀಟರ್ ದಾಟಿರುತ್ತದೆ. ತುಂಬಿದ ಲಾರಿ ನಿಲ್ಲುವುದು ಅದಕ್ಕೂ ಎಷ್ಟೋ ಮುಂದೆ. ಬಿದ್ದದ್ದು ಗೋಣಿಚೀಲವೋ ಬಂಡೆಯೋ ಎಂದು ನಿರ್ಣಯಿಸುವ ಹೊತ್ತಿಗೆ ಅದು ಗಾಲಿಯ ಕೆಳಗಿರುತ್ತದೆ. ವೇದಾಂತದ ಭ್ರಮೆ ಹೆಚ್ಚೆಂದರೆ ನೋಡಿದವನ ಎದೆ ನಡುಗಿಸೀತು. ಹೆದ್ದಾರಿಯ ಭ್ರಮೆ ಎದುರಿನಿಂದ ಬರುವ ಇನ್ಯಾರದೋ ಜೀವ ತೆಗೆಯುತ್ತದೆ. ಹೊಸಬನಿಗೆ ಉಳಿದ ದಾರಿ ಒಂದೇ: ತನ್ನ ಬೆಳಕು ಮುಟ್ಟುವಷ್ಟರೊಳಗೆ ನಿಲ್ಲಬಲ್ಲ ವೇಗ, ಮುಂದಿನ ಗಾಡಿಯ ಬಾಲ ಹಿಡಿಯದಷ್ಟು ಅಂತರ.

ಜೈನ ಮುನಿಗಳ ಈರ್ಯಾಸಮಿತಿ ಎಂಬ ನಡಿಗೆಯ ನಿಯಮ ಈ ಮಾತಿಗೆ ಬಹಳ ಹತ್ತಿರದ್ದು. ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡಬೇಕು, ಕಾಣದ ಕತ್ತಲಲ್ಲಿ ನಡೆಯಬಾರದು. ವರೂರಿನಲ್ಲಿ ಹೆದ್ದಾರಿಯ ಪಕ್ಕದ ನವಗ್ರಹ ತೀರ್ಥದಲ್ಲಿ ಎತ್ತರದ ಪಾರ್ಶ್ವನಾಥ ಮೂರ್ತಿ ನಿಂತಿದೆ. ಅದರೆದುರು ಹಗಲೂ ರಾತ್ರಿ ಲಾರಿಗಳು ಓಡುತ್ತವೆ. ಕುಂದಕುಂದಾಚಾರ್ಯರ ‘ಪ್ರವಚನಸಾರ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದೇನೆಂದರೆ, ಜೀವಿ ಸಾಯಲಿ ಬದುಕಲಿ, ಎಚ್ಚರಗೇಡಿಯಾಗಿ ನಡೆದವನಿಗೆ ಹಿಂಸೆಯ ದೋಷ ಖಚಿತ. ಎಚ್ಚರದಿಂದ ನಡೆದವನಿಗೆ ಬರೀ ಸಾವು ಸಂಭವಿಸಿತೆಂಬ ಕಾರಣಕ್ಕೆ ಕರ್ಮಬಂಧವಿಲ್ಲ.

ಈ ಮಾತನ್ನು ಲಾರಿಯ ಲೋಕಕ್ಕೆ ತಂದು ನೋಡಬೇಕು. ಏರಿನಲ್ಲಿ ಗಾಡಿ ಕೆಟ್ಟು ನಿಂತರೆ ಕ್ಲೀನರ್ ಮೊದಲು ಮಾಡುವ ಕೆಲಸ ಗಾಲಿಗೆ ಕಲ್ಲು ಕೊಡುವುದು. ತಲೆಗಾತ್ರದ ಎರಡು ಕಲ್ಲು ಹಿಂದಿನ ಗಾಲಿಗೆ, ಇನ್ನು ನಾಲ್ಕು ಹಿಂದಿನ ರಸ್ತೆಗೆ ಸಾಲಾಗಿ, ಮೇಲೊಂದು ಬೇವಿನ ಟೊಂಗೆ: ಗಾಡಿ ನಿಂತಿದೆ, ಹುಷಾರು ಎಂಬ ಸೂಚನೆ. ತ್ರಿಕೋನದ ಪ್ರತಿಫಲಕ ಇಡಬೇಕೆಂದು ನಿಯಮವಿದ್ದರೂ ಟೊಂಗೆಯೇ ಕೈಗೆ ಸುಲಭ. ಅಲ್ಲಿಯವರೆಗೆ ಎಲ್ಲ ಸರಿ. ರಿಪೇರಿ ಆಗುತ್ತದೆ, ತಡವಾದ ಲೋಡಿನ ಚಿಂತೆಯಲ್ಲಿ ಗಾಡಿ ಹೊರಡುತ್ತದೆ. ಟೊಂಗೆ ಬಾಡುತ್ತದೆ, ಕಲ್ಲುಗಳು ಅಲ್ಲೇ. ಯಾರನ್ನು ಕಾಪಾಡಲು ಇಟ್ಟಿದ್ದರೋ ಅವರನ್ನೇ ರಾತ್ರಿಯ ಹೊತ್ತಿಗೆ ಬಲಿ ತೆಗೆದುಕೊಳ್ಳಲು ತಯಾರಾಗಿರುತ್ತವೆ. ಬೆಳಗಿನೊಳಗೆ ಪುಣ್ಯಾತ್ಮನೊಬ್ಬ ಅವನ್ನು ಬದಿಗೆ ಸರಿಸಿ ಯಾರಿಗೂ ಏನೂ ಆಗದಿದ್ದರೂ, ಕುಂದಕುಂದರ ಲೆಕ್ಕದಲ್ಲಿ ಬಿಟ್ಟುಹೋದವನ ಖಾತೆಗೆ ದೋಷ ಬಿದ್ದಾಗಿದೆ. ಕಾನೂನು ಇಷ್ಟು ಸೂಕ್ಷ್ಮವಲ್ಲ. ಸಾರ್ವಜನಿಕ ದಾರಿಯಲ್ಲಿ ಅಪಾಯ ಅಥವಾ ಅಡ್ಡಿ ಉಂಟುಮಾಡಿದವನಿಗೆ 1860ರ ದಂಡಸಂಹಿತೆ ಇಟ್ಟಿದ್ದ ಗರಿಷ್ಠ ದಂಡ 200 ರೂಪಾಯಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮು ಅದನ್ನು 5,000ಕ್ಕೆ ಏರಿಸಿದೆ.

ತಾನು ಹಾಕದ ಕಲ್ಲನ್ನು ತೆಗೆಯುವ ಹೊಣೆ ಇದೆಯೇ? ಇಸ್ಲಾಮಿನ ಹದೀಸುಗಳಲ್ಲಿ ಇದಕ್ಕೆ ನೇರ ಉತ್ತರವುಂಟು. ಈಮಾನಿಗೆ, ಅಂದರೆ ಧರ್ಮವಿಶ್ವಾಸಕ್ಕೆ, ಎಪ್ಪತ್ತಕ್ಕೂ ಮಿಕ್ಕಿ ಕವಲುಗಳಿದ್ದು, ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದು ಅವುಗಳಲ್ಲಿ ಅತ್ಯಂತ ಕೆಳಗಿನದು. ಕೆಳಗಿನದಾದರೂ ಅದು ಈಮಾನಿನ ಕವಲೇ. ಮುಳ್ಳಿನ ಟೊಂಗೆ ಸರಿಸಿದವನೊಬ್ಬನಿಗೆ ಅಷ್ಟಕ್ಕೇ ಕ್ಷಮೆ ದೊರೆತ ಪ್ರಸಂಗವೂ ಅಲ್ಲಿದೆ. ಯೆಹೂದಿಗಳ ತಾಲ್ಮುದ್ ಗ್ರಂಥದಲ್ಲಿ ಬರುವ ಹಿಂದಿನ ಕಾಲದ ಧರ್ಮಿಷ್ಠರು ಮುಳ್ಳು, ಒಡೆದ ಗಾಜನ್ನು ತಮ್ಮ ಹೊಲದಲ್ಲೇ, ನೇಗಿಲಿಗೂ ಎಟುಕದಷ್ಟು ಆಳಕ್ಕೆ ಹೂಳುತ್ತಿದ್ದರಂತೆ.

ಇವರೆಲ್ಲ ಕಾಲ್ನಡಿಗೆಯ ಮಂದಿ ಎಂಬುದನ್ನು ಮರೆಯಬಾರದು. ಬೈಪಾಸಿನಲ್ಲಿ ಕತ್ತಲೆಯೊಳಗೆ ಲಾರಿಯಿಂದ ಜಿಗಿದು ಕಲ್ಲೆತ್ತಲು ಓಡುವ ಹೊಸ ಡ್ರೈವರ್ ತಾನೇ ಇನ್ನೊಂದು ಅಡ್ಡಿಯಾಗುತ್ತಾನೆ. ಹಿಂದಿನವನು ಅವನನ್ನು ತಪ್ಪಿಸಲು ಕಟ್ ಹೊಡೆಯುತ್ತಾನೆ. ದಯೆಗೆ ಇಲ್ಲಿ ಒಂದಿಷ್ಟು ತಾಳ್ಮೆ ಬೇಕು. ಗಾಡಿಯನ್ನು ಮುಂದೆ ಒಯ್ದು, ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನು ಮಾಡಿ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳುವುದು. ಮುಳ್ಳು ಸರಿಸಿದವನ ಸಾಲಿಗೆ ಫೋನು ಮಾಡಿದವನೂ ಸೇರುತ್ತಾನೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ, ನಿಜ. ಬರೆದವರ ಕಾಲಕ್ಕೆ ಫೋನಿರಲಿಲ್ಲ ಅಷ್ಟೆ.

ಇನ್ನುಳಿದ ಕೆಲಸವೆಲ್ಲ ಹೊರಡುವ ಮುಂಚಿನದು. ತಾಡಪತ್ರಿಯ ಹಗ್ಗ ಎಳೆದು ನೋಡುವುದು, ಹತ್ತಿಪ್ಪತ್ತು ಕಿಲೋಮೀಟರ್ ಆದ ಮೇಲೆ ಲೋಡು ಕುಳಿತು ಹಗ್ಗ ಸಡಿಲಾಗುವುದರಿಂದ ಮತ್ತೊಮ್ಮೆ ಬಿಗಿಯುವುದು. ಹಿಂದಿನ ಜೋಡಿ ಟೈರುಗಳ ನಡುವೆ ಸಿಕ್ಕಿಕೊಂಡ ಕಲ್ಲನ್ನು ಕಬ್ಬಿಣದ ಸರಳಿನಿಂದ ಮೀಟಿ ತೆಗೆಯುವುದು. ಬಿಟ್ಟರೆ ಅದು ವೇಗದಲ್ಲಿ ಚಿಮ್ಮಿ ಹಿಂದಿನವನ ಗಾಜಿಗೆ ಬಡಿಯುತ್ತದೆ. ಕೆಲವು ಜಾಣ ಡ್ರೈವರುಗಳು ರಸ್ತೆಬದಿಯ ಕಲ್ಲಿನ ಗೊಡವೆಗೇ ಹೋಗುವುದಿಲ್ಲ. ಗಾಲಿಗೆ ಕೊಡಲು ಒಂದು ದಪ್ಪ ಕಟ್ಟಿಗೆಯ ತುಂಡನ್ನು ಹಗ್ಗದಿಂದ ಚಾಸಿಗೇ ಕಟ್ಟಿಕೊಂಡಿರುತ್ತಾರೆ. ಕ್ಲೀನರ್ ಮರೆತು ಹತ್ತಿ ಕುಳಿತರೂ ಗಾಡಿ ಹೊರಟಾಗ ಆ ತುಂಡು ದಡಬಡ ಸದ್ದು ಮಾಡುತ್ತ ಹಿಂದೆಯೇ ಬರುತ್ತದೆ, ಡ್ರೈವರ್ ಬಾಗಿಲಿಗೆ ಕೈ ಬಡಿದು ಕ್ಲೀನರನನ್ನು ಕೆಳಗಿಳಿಸುತ್ತಾನೆ.